ಎರಡು ದೇಶ, ಒಂದು ಸೇರು

ಪಟ್ಟಿಯಲ್ಲಿ ಹದಿನೇಳನೆಯ ಹೆಸರಿಗೆ ಬರುವವರೆಗೂ ಉಮಾಮಹೇಶ್ವರಿಗೆ ಅದು ಮಾಮೂಲು ಶನಿವಾರವೇ ಆಗಿತ್ತು. ಎಡಗೈಯಲ್ಲಿ ಕಾಫಿ ಲೋಟ ಹಿಡಿದು ಬಲಗೈ ಹೆಬ್ಬೆರಳಿನಿಂದ ಮೊಬೈಲಿನ ಪರದೆಯನ್ನು ಮೇಲಕ್ಕೆ ತಳ್ಳುತ್ತ, ಗುಬ್ಬಿಯ ತರಬೇತಿಗೆ ಬರಲಿರುವ ಹೈಸ್ಕೂಲು ಮೇಷ್ಟ್ರು, ಮೇಡಂಗಳ ಹೆಸರುಗಳನ್ನು ಅವಳು ಓದುತ್ತಿದ್ದದ್ದು ಕುತೂಹಲಕ್ಕಲ್ಲ. ಎಷ್ಟು ಜನ, ಯಾವ ಕಡೆಯವರು ಎಂದು ಮೊದಲೇ ಗೊತ್ತಿದ್ದರೆ ಮಾತಿನ ಹದ ಸಿಗುತ್ತದೆ ಎಂಬುದು ಇಪ್ಪತ್ತೊಂಬತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ ಅನುಭವ. ಐವತ್ತೆರಡು ಜನ. ಹದಿನೇಳು: ಆಸ್ಮಾ ಎನ್., ಸಮಾಜ ವಿಜ್ಞಾನ. ಹೆಸರೇನು ಅಪರೂಪದ್ದಲ್ಲ. ಜಿಲ್ಲೆಯಲ್ಲಿ ನೂರು ಆಸ್ಮಾಗಳಿರಬಹುದು. ಆದರೆ ಪಕ್ಕದಲ್ಲಿ ಸ್ವಂತ ಊರು ಎಂಬ ಅಂಕಣವಿತ್ತು, ಅದರಲ್ಲಿ ಕುಣಿಗಲ್ ಎಂದಿತ್ತು. ಅವಳು ಲೋಟ ಕೆಳಗಿಟ್ಟಳು. ಎದುರಿಗೆ ಪೇಪರಿನ ಹಿಂದೆ ಕೂತಿದ್ದ ಗಂಡ ಸೋಮಶೇಖರ್ ಪೇಪರು ಇಳಿಸದೆಯೇ ಕೇಳಿದ: 'ಯಾಕೆ, ಪ್ರೋಗ್ರಾಂ ಕ್ಯಾನ್ಸಲ್ಲಾ?'

'ಇಲ್ಲ ಕಣ್ರೀ. ಹಳೇ ಸ್ಟೂಡೆಂಟ್ ಒಬ್ಳು ಬರ್ತಿದಾಳೆ.'

'ಒಳ್ಳೇದಾಯ್ತಲ್ಲ. ಕಾಲಿಗೆ ಬೀಳೋಕೆ ಒಬ್ರು ಇದ್ರೆ ನಿನಗೂ ಜೋರು ಬರುತ್ತೆ.' ಪೇಪರಿನ ಹಿಂದೆ ಅವನು ನಕ್ಕ. ನಗಬೇಕೆಂದು ಅವಳಿಗೂ ಅನ್ನಿಸಿತು. ತುಟಿ ಮಾತ್ರ ಸಹಕರಿಸಲಿಲ್ಲ.

ಜೋರಿಗೇನೂ ಕೊರತೆ ಇರಲಿಲ್ಲ. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸು ಹತ್ತಿ ಎಡಗಡೆ ಕಿಟಕಿ ಪಕ್ಕ ಕೂತ ಮೇಲೆ, ತನ್ನ ಬಗ್ಗೆ ತನಗಿರುವ ಭರವಸೆಯನ್ನು ಸೀರೆಯ ನೆರಿಗೆ ಸರಿಮಾಡಿಕೊಂಡಷ್ಟೇ ಸಲೀಸಾಗಿ ಅವಳು ಸರಿಮಾಡಿಕೊಂಡಳು. ಈ ಪಾಠವನ್ನು ಅವಳು ನಲವತ್ತು ಸಲವಾದರೂ ಮಾಡಿರಬೇಕು. ಇಂಡಿಯಾ, ಚೈನಾ, ಎರಡು ದೇಶಗಳ ಜಿಡಿಪಿ, ತಲೆಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ, ತೊಂಬತ್ತನೇ ಇಸವಿಯಿಂದ ಇವತ್ತಿನವರೆಗೆ. ಸ್ಲೈಡುಗಳಿಲ್ಲ, ಪ್ರಾಜೆಕ್ಟರ್ ಇಲ್ಲ. ಎರಡು ಬಣ್ಣದ ಚಾಕ್‌ಪೀಸು ಸಾಕು. ಎಡ ಮೂಲೆಯಲ್ಲಿ ಎರಡೂ ಗೆರೆಗಳು ಅಂಟಿಕೊಂಡು ಹೊರಡುತ್ತವೆ. 'ನಾನು ಡಿಗ್ರಿ ಓದ್ತಿದ್ದಾಗ ಇಬ್ರೂ ಒಂದೇ. ಹಾಗೆ ನೋಡಿದ್ರೆ ನಾವೇ ಒಂದು ಕೈ ಮೇಲು' ಎನ್ನುತ್ತಾಳೆ. ಆಮೇಲೆ ಕೆಂಪು ಗೆರೆ ಏಳತೊಡಗುತ್ತದೆ. ಹಸಿರು ಗೆರೆಯೂ ಏಳುತ್ತದೆ, ಆದರೆ ಮೆಟ್ಟಿಲು ಹತ್ತುವ ಮಂಡಿನೋವಿನವರ ಹಾಗೆ. ಬೋರ್ಡಿನ ಬಲತುದಿಗೆ ಬರುವಷ್ಟರಲ್ಲಿ ಅವರದು ಹದಿಮೂರು ಸಾವಿರ ಡಾಲರಿನ ಹತ್ತಿರ, ನಮ್ಮದು ಎರಡೂವರೆ ಸಾವಿರ ದಾಟಿದೆ ಅಷ್ಟೇ. ಅಲ್ಲಿ ಅವಳು ಚಾಕ್‌ಪೀಸು ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಾಳೆ. ಆ ಮೌನಕ್ಕೆ ಸಭೆಯಲ್ಲಿ ಯಾವತ್ತೂ ಒಂದು ನಿಟ್ಟುಸಿರು ಬಂದೇ ಬರುತ್ತದೆ. ಅದರ ನಂತರ ಅವಳು ಹೇಳುವ ಮಾತು ಜಿಲ್ಲೆಯಲ್ಲೆಲ್ಲ ಹೆಸರುವಾಸಿ. 'ಆದ್ರೆ ನಿಲ್ಲಿ. ಈ ಎರಡನ್ನೂ ಒಂದೇ ಸೇರಲ್ಲಿ ಅಳೆದಿದೀವಾ?' ಬಸ್ಸು ಹೆಗ್ಗೆರೆ ಊರು ದಾಟಿತು. ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿದ್ದ ಕನಕಾಂಬರದ ದಂಡೆ ಬಸ್ಸು ಕುಲುಕಿದಾಗಲೆಲ್ಲ ಜಾರಿ ಮತ್ತೆ ಸರಿಹೋಗುತ್ತಿತ್ತು. ಅದನ್ನೇ ನೋಡುತ್ತ ಉಮಾಮಹೇಶ್ವರಿ, ಆ ಮಾತು ತನ್ನದಲ್ಲ ಎಂಬುದನ್ನು, ಒಂಬತ್ತು ವರ್ಷಗಳಲ್ಲಿ ಮೊದಲ ಸಲ, ಬೇರೆ ಯಾವ ಯೋಚನೆಯನ್ನೂ ಅಡ್ಡ ತಂದುಕೊಳ್ಳದೆ ಯೋಚಿಸಿದಳು.

ಆಗ ಅವಳು ಕುಣಿಗಲ್ಲಿನ ಒಂದು ಕಾಲೇಜಿನಲ್ಲಿದ್ದಳು. ಮಧ್ಯಾಹ್ನದ ಮೊದಲ ಪೀರಿಯಡ್ಡು, ಬಿ.ಎ. ಕೊನೆ ವರ್ಷ, ಕಿಟಕಿಯಿಂದ ಕೆರೆ ಕಡೆಯ ಗಾಳಿ. ಬೋರ್ಡಿನ ಮೇಲೆ ಇದೇ ಎರಡು ಗೆರೆ. ಅವತ್ತಿನ ಲೆಕ್ಕದಲ್ಲಿ ಚೈನಾ ನಮ್ಮ ಎಂಟು ಪಟ್ಟು. ಎಂಟು ಪಟ್ಟು ಎಂದಾಗ ಕ್ಲಾಸಿನಲ್ಲಿ ಹುಟ್ಟಿದ ಗದ್ದಲ ಅವಳಿಗೆ ಇಷ್ಟವಾಗಿತ್ತು. ಆಗ ಎರಡನೇ ಬೆಂಚಿನಿಂದ ಎದ್ದು ನಿಂತವಳು ಆಸ್ಮಾ. ತಲೆ ಮೇಲಿನ ಬಿಳೀ ದುಪಟ್ಟಾವನ್ನು ಕಿವಿಯ ಹಿಂದೆ ಸಿಗಿಸಿಕೊಂಡು, 'ಮೇಡಂ, ಒಂದು ಡೌಟು' ಎಂದಳು. 'ಚೈನಾದ್ದು ಕೊಳ್ಳೋ ಶಕ್ತಿ ಲೆಕ್ಕದಲ್ಲಿದೆ. ನಮ್ದು ಬರೀ ಡಾಲರ್ ರೇಟಲ್ಲಿದೆ. ನೀವು ಕೊಟ್ಟ ಜೆರಾಕ್ಸಲ್ಲೇ ಕೆಳಗಡೆ ಸಣ್ಣಕ್ಷರದಲ್ಲಿ ಬರ್ದಿದೆ ಮೇಡಂ.' ಹುಡುಗಿ ಹೇಳುತ್ತಿದ್ದದ್ದು ಇಷ್ಟೇ. ಒಂದು ಡಾಲರನ್ನು ರೂಪಾಯಿಗೋ ಚೈನಾದ ದುಡ್ಡಿಗೋ ಬದಲಾಯಿಸಿಕೊಂಡರೆ ಅಮೆರಿಕದಲ್ಲಿ ಸಿಗುವುದಕ್ಕಿಂತ ಹೆಚ್ಚು ಅಕ್ಕಿ ಬೇಳೆ ಇಲ್ಲಿ ಸಿಗುತ್ತದೆ. ಅದನ್ನು ಲೆಕ್ಕಕ್ಕೆ ತಂದರೆ ದೇಶದ ಅಂಕಿ ದೊಡ್ಡದಾಗುತ್ತದೆ. ಆ ದೊಡ್ಡ ಮಾಡಿದ ಅಂಕಿ ಒಂದು ದೇಶಕ್ಕೆ, ಮಾಡದ ಅಂಕಿ ಇನ್ನೊಂದಕ್ಕೆ ಹಾಕಿ ಪಕ್ಕಪಕ್ಕ ನಿಲ್ಲಿಸಿದ್ದೀರಿ ಎಂದು. ಉಮಾಮಹೇಶ್ವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂಬುದು ಮುಖದಲ್ಲಿ ಕಂಡಿತೇನೋ, ಹುಡುಗಿ ಸಹಾಯ ಮಾಡುವವಳ ಹಾಗೆ ಮುಂದುವರಿಸಿದಳು: 'ನಮ್ಮ ಅಬ್ಬಾದು ಕಡ್ಲೆಪುರಿ ಅಂಗಡಿ ಅಲ್ವಾ ಮೇಡಂ. ಒಬ್ರಿಗೆ ಸೇರಲ್ಲಿ ನಾಲ್ಕು ಅಳೆದು, ಇನ್ನೊಬ್ರಿಗೆ ಕಾಲು ಸೇರಿನ ಪಾವಲ್ಲಿ ನಾಲ್ಕು ಅಳೆದು, ಇಬ್ರಿಗೂ ನಾಲ್ಕೇ ಕೊಟ್ಟೆ ಅಂದ್ರೆ ಗಿರಾಕಿ ಸುಮ್ನೆ ಬಿಡ್ತಾರಾ?'

ಕ್ಲಾಸು ನಕ್ಕಿತು. ಯಾರನ್ನು ನೋಡಿ ನಕ್ಕಿತು ಎಂಬುದು ಅವಳಿಗೆ ಇವತ್ತಿಗೂ ಖಚಿತವಿಲ್ಲ, ಬಹುಶಃ ಪುರಿಯ ಮಾತಿಗೆ ಸುಮ್ಮನೆ ನಕ್ಕಿರಬೇಕು. ಆದರೆ ಆ ನಗುವಿಗೆ ಅವಳ ಕಿವಿಯಲ್ಲಿ ಇನ್ನೊಂದು ಹಳೆಯ ನಗು ಸೇರಿಕೊಂಡಿತು. ತೊಂಬತ್ತಾರರಲ್ಲಿ, ಕೆಲಸದ ಸಂದರ್ಶನದಲ್ಲಿ, ಮೇಜಿನ ಆಚೆ ಕೂತ ಐದು ಜನ ಗಂಡಸರಲ್ಲಿ ಒಬ್ಬರು, ವಯಸ್ಸಾದವರು, ಹಣೆ ತುಂಬ ವಿಭೂತಿ, ಬಜೆಟ್ ಬಗ್ಗೆ ಅವಳು ಕೊಟ್ಟ ಉತ್ತರವನ್ನು ಅರ್ಧಕ್ಕೇ ನಿಲ್ಲಿಸಿ, 'ಮನೆ ಬಜೆಟ್ ಬಿಟ್ಟು ದೇಶದ್ದು ಹೇಳಮ್ಮ' ಎಂದಿದ್ದರು. ಐದೂ ಜನ ನಕ್ಕಿದ್ದರು. ಅವಳೂ ನಕ್ಕಿದ್ದಳು, ಅದೇ ಇನ್ನೂ ಕೆಟ್ಟದ್ದು. ಕೆಲಸ ಸಿಕ್ಕಿತು, ನಗು ಹೋಗಲಿಲ್ಲ. ಎರಡು ನಗುವೂ ಬೆರೆತು ಏನು ಬಾಯಿಗೆ ಬರಬಾರದೋ ಅದೇ ಬಂತು: 'ಆಸ್ಮಾ, ಪುರಿ ಅಂಗಡಿ ಲೆಕ್ಕಾನ ಪುರಿ ಅಂಗಡೀಲೇ ಇಟ್ಕೋ. ಇದು ಎಕನಾಮಿಕ್ಸು. ಕೂತ್ಕೋ.' ಈ ಸಲದ ನಗು ಯಾರ ಮೇಲೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಹುಡುಗಿ ಕೂತಳು. ಕೂರುವಾಗ ಬೆಂಚಿನ ಮೇಲೆ ಕೈಯೂರಿ, ನೆಲ ಎಲ್ಲಿದೆ ಎಂದು ಹುಡುಕುವವಳ ಹಾಗೆ ಕೂತಳು. ಅವತ್ತಿನಿಂದ ಹಿಂದಿನ ಬೆಂಚಿನವರು ಅವಳನ್ನು ಪುರಿ ಆಸ್ಮಾ ಎಂದೇ ಕರೆದರು. ಕಾರಿಡಾರಿನಲ್ಲಿ ಅದು ಉಮಾಮಹೇಶ್ವರಿಯ ಕಿವಿಗೂ ಬಿದ್ದಿತ್ತು. ಒಮ್ಮೆಯಲ್ಲ, ಎಷ್ಟೋ ಸಲ.

ಅವತ್ತು ಸಂಜೆಯೇ ಅವಳು ಲೈಬ್ರರಿಯಲ್ಲಿ ಕೂತು ನೋಡಿದ್ದಳು. ಸಣ್ಣಕ್ಷರ ಇತ್ತು. ಎರಡು ಬೇರೆ ಪುಸ್ತಕಗಳಿಂದ ಎರಡು ಪಟ್ಟಿ ಎತ್ತಿಕೊಂಡವಳು ತಾನೇ. ಎರಡನ್ನೂ ಡಾಲರ್ ರೇಟಿನ ಒಂದೇ ಅಳತೆಗೆ ತಂದರೆ ಎಂಟು ಪಟ್ಟು ಹೋಗಿ ಐದು ಪಟ್ಟಿಗೆ ಬಂದು ನಿಲ್ಲುತ್ತಿತ್ತು. ಮರುದಿನ ಕ್ಲಾಸಿನಲ್ಲಿ ಹೇಳೋಣ ಎಂದುಕೊಂಡಳು. ಮರುದಿನ ಯಾರೋ ಬಂದ್ ಕರೆ ಕೊಟ್ಟರು, ಆಮೇಲೆ ಭಾನುವಾರ ಬಂತು, ಆಮೇಲೆ ಇಂಟರ್ನಲ್ಸು. ಮೂರು ವಾರದ ನಂತರ ಬೇರೆ ಸೆಕ್ಷನ್ನಿನಲ್ಲಿ ಸರಿಯಾದ ಅಂಕಿಗಳೊಂದಿಗೆ ಅದೇ ಪಾಠ ಮಾಡುವಾಗ, ಎರಡಕ್ಕೂ ಒಂದೇ ಅಳತೆ ಇರಬೇಕು ಎಂದು ವಿವರಿಸಲು ಉದಾಹರಣೆ ಹುಡುಕಿದರೆ ನಾಲಿಗೆಗೆ ಬಂದದ್ದು ಸೇರು, ಪಾವು. ಕ್ಲಾಸು ಕಣ್ಣರಳಿಸಿ ಕೇಳಿತು. ಎರಡನೇ ಸಲ ಹೇಳುವಾಗ ಅದು ಇನ್ನಷ್ಟು ಸಲೀಸಾಯಿತು. ಐದನೇ ಸಲಕ್ಕೆ ಅದು ತನ್ನದೇ ಆಗಿಹೋಗಿತ್ತು. ಶಿಕ್ಷಕರಿಗಾಗಿ ಬರೆದ ಕೈಪಿಡಿಯಲ್ಲಿ ಮೂರನೇ ಪುಟಕ್ಕೆ ಚೌಕಟ್ಟು ಹಾಕಿಸಿ ಅದನ್ನೇ ಅಚ್ಚು ಮಾಡಿಸಿದ್ದಳು. ಮುನ್ನುಡಿ ಬರೆದವರು ಆ ಚೌಕಟ್ಟನ್ನೇ ಎತ್ತಿ ಹೊಗಳಿದ್ದರು, ಗ್ರಾಮೀಣ ಬದುಕಿನ ಬೇರುಳ್ಳ ಬೋಧನೆ ಎಂದು. ಆಸ್ಮಾ ಮಾತ್ರ ಆ ವರ್ಷ ಮುಗಿಯುವವರೆಗೂ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಎರಡನೇ ಬೆಂಚಿನಿಂದ ಐದನೆಯದಕ್ಕೆ ಹೋದಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಬಂತಲ್ಲ, ಇನ್ನೇನು ತೊಂದರೆಯಾಯಿತು ಅವಳಿಗೆ, ಎಂದು ಉಮಾಮಹೇಶ್ವರಿ ತನಗೆ ತಾನು ಹೇಳಿಕೊಂಡಿದ್ದಳು. ಬಸ್ಸು ಗುಬ್ಬಿ ಹೊಕ್ಕಿತು. ಇಳಿಯುವ ಮುಂಚೆ ಅವಳು ತೀರ್ಮಾನ ಮಾಡಿಯಾಗಿತ್ತು. ಇವತ್ತು ಹೇಳಿಬಿಡುತ್ತೇನೆ. ಹೇಳುವ ಧೈರ್ಯ ತನಗಿದೆ. ಆ ತೀರ್ಮಾನ ಎಷ್ಟು ಹಗುರ ಮಾಡಿತೆಂದರೆ ರಸ್ತೆ ದಾಟುವಾಗ ಅವಳಿಗೆ ತನ್ನ ಮೇಲೆಯೇ ಒಂದಿಷ್ಟು ಮೆಚ್ಚುಗೆ ಮೂಡಿತು.

ಸಭಾಂಗಣದ ಬಾಗಿಲಲ್ಲೇ ತರಬೇತಿ ನಡೆಸುವ ಬಸವಪ್ರಭು ಕೈಮುಗಿದು ನಿಂತಿದ್ದರು. 'ನಿಮ್ಮ ಸೇರು ಪಾವಿಗೆ ಎಲ್ರೂ ಕಾಯ್ತಿದಾರೆ ಮೇಡಂ' ಎಂದರು. ಒಳಗೆ ಹೋದ ಕೂಡಲೇ ಅವಳು ಹುಡುಕಿದ ಮುಖ ಸಿಕ್ಕಿತು. ಬಲಗಡೆ ಸಾಲು, ಮೂರನೇ ಬೆಂಚು. ದುಪಟ್ಟಾ ಈಗ ಕಂದು ಬಣ್ಣದ್ದು. ಮುಖ ತುಂಬಿಕೊಂಡಿದೆ, ಕನ್ನಡಕ ಬಂದಿದೆ. ಮಕ್ಕಳನ್ನು ಸಂಭಾಳಿಸುವವರಿಗೆ ಬರುವ, ಯಾವುದಕ್ಕೂ ಅವಸರ ಪಡದ ಕೂರುವ ಭಂಗಿ. ಮುಂದೆ ಕೈಪಿಡಿ ತೆರೆದಿತ್ತು. ಕಣ್ಣು ಸೇರಿದಾಗ ಅವಳು ಎಲ್ಲರಂತೆ ತಲೆಬಾಗಿಸಿ ವಂದಿಸಿದಳು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಪಾಠ ಚೆನ್ನಾಗಿಯೇ ಹೋಯಿತು. ಕೆಂಪು ಗೆರೆ ಎದ್ದಿತು, ಹಸಿರು ಗೆರೆ ತೆವಳಿತು, ನಿಟ್ಟುಸಿರು ಬಂತು. 'ಆದ್ರೆ ನಿಲ್ಲಿ' ಎಂದಳು. ಸೇರು ಪಾವಿನ ಮಾತು ಹೇಳಿ ಮುಗಿಸಿ, ಐವತ್ತು ಮುಖಗಳು ಅರಳಿದ್ದನ್ನು ನೋಡಿ, ಮೈಕು ಹತ್ತಿರಕ್ಕೆ ಎಳೆದುಕೊಂಡಳು. 'ಒಂದು ವಿಷಯ. ಈ ಮಾತು ನನ್ನದಲ್ಲ. ಒಂಬತ್ತು ವರ್ಷದ ಹಿಂದೆ ನನ್ನ ಒಬ್ಬ ವಿದ್ಯಾರ್ಥಿನಿ ಹೇಳಿದ್ದು. ತಪ್ಪು ನನ್ನ ಬೋರ್ಡ್ ಮೇಲಿತ್ತು. ಅದನ್ನ ತೋರ್ಸಿದ್ದಕ್ಕೆ ನಾನು ಆ ಹುಡುಗೀನ ಎಲ್ಲರ ಮುಂದೆ ಗದರಿಸಿ ಕೂರಿಸ್ದೆ. ಆಮೇಲೆ ಅವಳ ಮಾತನ್ನೇ ನನ್ನದು ಅಂತ ಪುಸ್ತಕಕ್ಕೂ ಹಾಕ್ದೆ. ಅದು ಸರಿಯಲ್ಲ.' ಆಮೇಲೆ ಬಸವಪ್ರಭು ಚಪ್ಪಾಳೆ ಶುರು ಮಾಡಿದರು, ಸಭೆಯೆಲ್ಲ ತಟ್ಟಿತು. 'ಎಂಥಾ ದೊಡ್ಡ ಮನಸ್ಸು ನೋಡಿ' ಎಂದು ಅವರು ಮೈಕಿನಲ್ಲೇ ಹೇಳಿದರು. ಚಪ್ಪಾಳೆಯ ನಡುವೆ ಅವಳು ಬಲಗಡೆಯ ಮೂರನೇ ಬೆಂಚನ್ನು ನೋಡಿದಳು. ಆಸ್ಮಾ ಚಪ್ಪಾಳೆ ತಟ್ಟುತ್ತಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದಳು. ಭಾವುಕಳಾಗಿರಬೇಕು ಎಂದುಕೊಂಡಳು ಉಮಾಮಹೇಶ್ವರಿ. ಹೊಟ್ಟೆಯೊಳಗೆ ಹಿತವಾದ ಹಸಿವು ಕಾಣಿಸಿತು.

ಊಟಕ್ಕೆ ಪಲಾವು, ಮೊಸರನ್ನ ಇತ್ತು. ಊಟ ಮುಗಿಸಿ ಹಿಂದುಗಡೆ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತದ್ದು ಆಸ್ಮಾ.

'ನಮಸ್ಕಾರ ಮೇಡಂ.'

'ಆಸ್ಮಾ! ಹೇಗಿದೀರಾ? ಯಾವಾಗ ಸೇರಿದ್ದು ಕೆಲ್ಸಕ್ಕೆ?' ನೀವು ಎಂದದ್ದು ತನ್ನ ಕಿವಿಗೇ ಹೊಸ ಚಪ್ಪಲಿಯ ಹಾಗೆ ಕಚ್ಚಿತು.

'ನಾಲ್ಕು ವರ್ಷ ಆಯ್ತು ಮೇಡಂ. ಒಂದು ಕೇಳ್ಲಾ?'

'ಕೇಳಿ.'

'ನನ್ನ ಹೆಸರು ಯಾಕೆ ಹೇಳ್ಲಿಲ್ಲ?'

ಉಮಾಮಹೇಶ್ವರಿ ನಲ್ಲಿ ನಿಲ್ಲಿಸಲು ಹೋಗಿ ಇನ್ನಷ್ಟು ತಿರುಗಿಸಿದಳು. ನೀರು ಸಿಡಿದು ಸೀರೆಯ ಅಂಚು ಒದ್ದೆಯಾಯಿತು. 'ನಿಮಗೆ ಮುಜುಗರ ಆಗ್ಬಾರ್ದು ಅಂತ. ಅಷ್ಟೊಂದು ಜನ ತಿರುಗಿ ನೋಡ್ತಿದ್ರು.'

'ಆವತ್ತು ಬೈಯೋವಾಗ ಹೆಸರು ಹಿಡಿದೇ ಬೈದ್ರಿ ಮೇಡಂ. ಆವತ್ತೂ ಎಲ್ಲಾ ತಿರುಗಿ ನೋಡಿದ್ರು.' ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರಪತ್ರಿಕೆಯಲ್ಲಿ ತಪ್ಪಾದ ಇಸವಿಯೊಂದಕ್ಕೆ ಕೆಂಪು ಸುತ್ತು ಹಾಕುವ ದನಿ. 'ನಾನು ಈ ಕೈಪಿಡಿ ಮನೆಗೆ ತಗೊಂಡು ಹೋಗಿದ್ದೆ. ಮೂರನೇ ಪುಟ ಅಬ್ಬಾಗೆ ಓದಿ ಹೇಳ್ದೆ. ಅಬ್ಬಾ ನಕ್ಕುಬಿಟ್ರು. ಅರೆ, ಇದು ನಮ್ಮ ಅಂಗಡಿ ಮಾತಲ್ವಾ ಅಂದ್ರು. ಆಮೇಲೆ ಅವರೇ, ಹೋಗ್ಲಿ ಬುಡು, ದೊಡ್ಡೋರು, ಅವ್ರಿಗೂ ಹೊಳೆದಿರಬೋದು ಅಂದ್ರು. ಆವತ್ತು ಕ್ಲಾಸಲ್ಲಿ ಆಗಿದ್ದನ್ನ ನಾನು ಮನೇಲಿ ಯಾವತ್ತೂ ಹೇಳಿರ್ಲಿಲ್ಲ ಮೇಡಂ. ಅಂಗಡಿ ಹೆಸರು ಎತ್ತಿ ಎಲ್ರೂ ನಕ್ರು ಅಂತ ಅವರ ಮುಂದೆ ಹೆಂಗೆ ಹೇಳೋದು?'

ಉತ್ತರಕ್ಕೆ ಆಸ್ಮಾ ಕಾಯಲಿಲ್ಲ. ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, 'ಪಾಠ ಚೆನ್ನಾಗಿತ್ತು ಮೇಡಂ' ಎಂದು ಒಳಗೆ ಹೋದಳು. ನಿಜವಾಗಿಯೇ ಹೇಳಿದಳು, ಅದು ಗೊತ್ತಾಗುತ್ತಿತ್ತು.

ಉಮಾಮಹೇಶ್ವರಿ ನಲ್ಲಿ ನಿಲ್ಲಿಸಿದಳು. ಬೆಳಗಿನಿಂದ ಹೊತ್ತುಕೊಂಡು ಬಂದ ಧೈರ್ಯವನ್ನು ಈಗ ತಿರುಗಿಸಿ ನೋಡಿದರೆ, ಅದರ ಒಳಗೆ ಅಚ್ಚುಕಟ್ಟಾಗಿ ಮಡಿಚಿಟ್ಟ ಹೇಡಿತನ ಕಂಡಿತು. ಹುಡುಗಿಯ ಮುಜುಗರ ತಪ್ಪಿಸಲು ಹೆಸರು ಬಿಟ್ಟದ್ದೆ? ಅಲ್ಲ. ಹೆಸರು ಹೇಳಿದ್ದರೆ ಸಭೆ ಬಲಗಡೆಗೆ ತಿರುಗುತ್ತಿತ್ತು, ಚಪ್ಪಾಳೆ ಅಲ್ಲಿಗೆ ಹೋಗುತ್ತಿತ್ತು. ಹೆಸರಿಲ್ಲದ ಹುಡುಗಿಗೆ ಕ್ಷಮೆ ಕೇಳಿದರೆ ಕಾಣುವುದು ಕೇಳಿದವಳ ಮುಖ ಒಂದೇ. ವಿಭೂತಿಯ ಆ ಮುದುಕರು ಬದುಕಿದ್ದು, ಇಂಥದೇ ಯಾವುದೋ ಸಭೆಯಲ್ಲಿ, ಒಬ್ಬ ಹೆಣ್ಣುಮಗಳನ್ನು ನೋಯಿಸಿದ್ದೆ ಎಂದು ಹೆಸರು ಹೇಳದೆ ಕೈಮುಗಿದಿದ್ದರೆ ತನಗೆ ಏನನ್ನಿಸುತ್ತಿತ್ತು? ಎದ್ದು ನಿಂತು ಕೂಗಬೇಕು ಅನ್ನಿಸುತ್ತಿತ್ತು, ಅದು ನಾನು, ನನಗೆ ಹೆಸರಿದೆ, ಎಂದು. ವಿಚಿತ್ರವೆಂದರೆ ಈ ಯೋಚನೆಯಿಂದ ಅವಳು ಕುಸಿಯಲಿಲ್ಲ. ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂದು ಕಂಡಾಗ ಬರುವ, ಯಾರೂ ಕಸಿಯಲಾಗದ ಒಂದು ಗಟ್ಟಿತನ ಮೈಗೆ ಬಂತು. ಒದ್ದೆ ಅಂಚನ್ನು ಹಿಂಡಿ, ಮೊಬೈಲಿನ ಪಟ್ಟಿಯಲ್ಲಿ ಹದಿನೇಳನೆಯ ಸಾಲಿನಲ್ಲಿದ್ದ ತಂದೆಯ ಹೆಸರು ನೋಡಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಗುಂಪು ಚರ್ಚೆ ಎಂದು ಬಸವಪ್ರಭು ಮೈಕು ಹಿಡಿದಿದ್ದರು. 'ಹತ್ತು ನಿಮಿಷ ಕೊಡಿ ಸರ್' ಎಂದಳು. ಮೈಕು ಕೊಡಬಂದರು, ಬೇಡವೆಂದಳು. 'ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿ ಅಂದೆ. ಹೆಸರು ಹೇಳ್ಲಿಲ್ಲ. ಆಸ್ಮಾ. ಕುಣಿಗಲ್ಲಲ್ಲಿ ಪುರಿ ಅಂಗಡಿ ಇಟ್ಟಿರೋ ನಯಾಜ್ ಅಹಮದ್ ಅವರ ಮಗಳು. ಇಲ್ಲೇ ಕೂತಿದಾರೆ, ಮೂರನೇ ಬೆಂಚಲ್ಲಿ. ಪುರಿ ಅಂಗಡಿ ಲೆಕ್ಕ ಅಂಗಡೀಲೇ ಇಟ್ಕೋ ಅಂತ ನಾನು ಅಂದಿದ್ದೆ. ಆ ಲೆಕ್ಕದಿಂದಾನೇ ನನಗೆ ಈ ಜಿಲ್ಲೆಯಲ್ಲಿ ಹೆಸರು ಬಂದಿದ್ದು. ಮುಂದಿನ ಮುದ್ರಣದಲ್ಲಿ ಮೂರನೇ ಪುಟದಲ್ಲಿ ಅವರ ಹೆಸರಿರುತ್ತೆ, ಅವರ ತಂದೆ ಹೆಸರೂ ಇರುತ್ತೆ. ಆಸ್ಮಾ, ತಪ್ಪಾಯ್ತು.' ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ತಿಳಿಯದೆ ಬಸವಪ್ರಭು ಕೈಗಳನ್ನು ಹತ್ತಿರ ತಂದು ಬಿಟ್ಟರು. ಐವತ್ತು ತಲೆಗಳು ಬಲಕ್ಕೆ ತಿರುಗಿದವು.

ಆಸ್ಮಾ ಎದ್ದು ನಿಂತಳು. ಅತ್ತುಬಿಡುತ್ತಾಳೇನೋ, ಥ್ಯಾಂಕ್ಸ್ ಎನ್ನುತ್ತಾಳೇನೋ ಎಂದು ಸಭೆ ಕಾದಿತು. ಅವಳು ಕನ್ನಡಕ ಮೇಲಕ್ಕೇರಿಸಿ ಬೋರ್ಡು ನೋಡಿದಳು.

'ಹಂಗಾದ್ರೆ ಇನ್ನೊಂದು ಡೌಟು ಕೇಳ್ತೀನಿ ಮೇಡಂ. ತೊಂಬತ್ತರಿಂದಾನೇ ಯಾಕೆ ಶುರು ಮಾಡಿದೀರಾ? ಇದೇ ಕೈಪಿಡಿ ಕೊನೇಲಿ ನೀವೇ ಹಳೇ ಪಟ್ಟಿ ಕೊಟ್ಟಿದೀರಾ. ಎಂಬತ್ತರಲ್ಲಿ ನಮ್ದು ಇನ್ನೂರ ಅರವತ್ತು ಚಿಲ್ಲರೆ, ಅವರದ್ದು ಇನ್ನೂರೂ ಇಲ್ಲ. ಅಲ್ಲಿಂದ ಶುರು ಮಾಡಿದ್ರೆ ನಾವು ಸಮ ಇದ್ದು ಹಿಂದೆ ಬಿದ್ದಿದ್ದಲ್ಲ, ಮುಂದೆ ಇದ್ದು ಹಿಂದೆ ಬಿದ್ದಿದ್ದು. ನನ್ನ ಕ್ಲಾಸಲ್ಲಿ ಮಕ್ಕಳು ಕೇಳ್ತಾರೆ, ಸಮ ಅಂದ್ರಲ್ಲ ಮಿಸ್, ಯಾವತ್ತಿಂದ ಸಮ ಅಂತ. ನನಗೆ ಉತ್ತರ ಬರಲ್ಲ.'

ಸಿಟ್ಟು ಬಂತು. ಬರುವುದಿಲ್ಲ ಎಂದುಕೊಂಡಿದ್ದಳು, ಆದರೆ ಬಂತು, ದಾರಿ ಗೊತ್ತಿರುವ ಹಳೆಯ ನೆಂಟನ ಹಾಗೆ. ಇಷ್ಟೆಲ್ಲ ಹೇಳಿದ ಮೇಲೂ ಇವಳು! ಅವಳು ಅದನ್ನು ಬಾಗಿಲಲ್ಲೇ ನಿಲ್ಲಿಸಿ, ಪ್ರಶ್ನೆಯನ್ನಷ್ಟೇ ನೋಡಿದಳು. ಒಳ್ಳೆಯ ಪ್ರಶ್ನೆ. ತೊಂಬತ್ತು ಯಾಕೆ? ತಾನು ಕಾಲೇಜಿನಲ್ಲಿದ್ದ ಇಸವಿ ಎಂದೋ? ಎರಡು ಗೆರೆ ಅಂಟಿಕೊಂಡು ಹೊರಡುವುದು ನೋಡಲು ಚೆಂದ ಎಂದೋ?

'ಚೆನ್ನಾಗಿ ಕಾಣುತ್ತೆ ಅಂತ' ಎಂದಳು. 'ಬೇರೆ ಕಾರಣ ಇಲ್ಲ. ಸಮದಿಂದ ಶುರುವಾದ್ರೆ ಕಥೆ ಚೆನ್ನಾಗಿರುತ್ತೆ.'

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅವಳು ಅತ್ತ ತಿರುಗಲಿಲ್ಲ. ಎಂಬತ್ತನ್ನು ಗುರುತಿಸಲು ಬೋರ್ಡಿನ ಎಡಕ್ಕೆ ಜಾಗ ಹುಡುಕಿದಳು. ಜಾಗವಿರಲಿಲ್ಲ, ತೊಂಬತ್ತೇ ಅಂಚಿಗೆ ಒತ್ತಿಕೊಂಡಿತ್ತು. ಡಸ್ಟರ್ ತೆಗೆದುಕೊಂಡು ಬೆಳಿಗ್ಗೆ ಬರೆದದ್ದನ್ನೆಲ್ಲ ಅಳಿಸಿದಳು. ಕೆಂಪು ಹಸಿರು ಬೆರೆತು ಕಪ್ಪು ಹಲಗೆಯ ಮೇಲೆ ಮಣ್ಣಿನ ಬಣ್ಣದ ಮೋಡವೊಂದು ಉಳಿಯಿತು. ಮೊದಲ ಬೆಂಚಿನವರು ಬಾಯಿಗೆ ಅಡ್ಡ ಕೈಹಿಡಿದು ಕೆಮ್ಮಿದರು.

'ಎಲ್ಲಿಂದ ಹೋಗೋಣ?' ಎಂದಳು.

'ಅರವತ್ತರಿಂದ ಇದೆ ಮೇಡಂ ಪಟ್ಟಿ.' ಆಸ್ಮಾ ಕೈಪಿಡಿಯ ಕೊನೆಯ ಪುಟ ಬಿಡಿಸಿಕೊಂಡಳು. 'ಅರವತ್ತನೇ ಇಸವಿ, ಚೈನಾ ತೊಂಬತ್ತು. ನಮ್ದು ಎಂಬತ್ತಮೂರು.'

ಎರಡು ಚುಕ್ಕೆಗಳು ಒಂದರ ಪಕ್ಕ ಒಂದು ಬಿದ್ದವು. 'ಅರೆ, ಅಲ್ಲೂ ಸಮಾನೇ' ಎಂದರು ಯಾರೋ. ಇನ್ಯಾರೋ, 'ಹಂಗಾರೆ ಎರಡು ಸಲ ಸಮ ಆಗಿದ್ವಾ?' ಎಂದರು. ಹಿಂದಿನ ಸಾಲಿನವರು ಕಾಣುವುದಿಲ್ಲವೆಂದು ಎದ್ದು ಮುಂದಕ್ಕೆ ಬರತೊಡಗಿದರು. ಗುಂಪು ಚರ್ಚೆಯ ಹಾಳೆಗಳನ್ನು ಹಿಡಿದು ನಿಂತಿದ್ದ ಬಸವಪ್ರಭು ಅವನ್ನು ಕುರ್ಚಿಯ ಮೇಲಿಟ್ಟು ತಾವೂ ಹತ್ತಿರ ಬಂದರು. ಈ ಎರಡು ಸಮಗಳ ನಡುವೆ ಏನು ಕಥೆ ಹೇಳಬೇಕೆಂದು ಉಮಾಮಹೇಶ್ವರಿಗೆ ಆ ಕ್ಷಣದಲ್ಲಿ ನಿಜಕ್ಕೂ ಗೊತ್ತಿರಲಿಲ್ಲ. ಗೆರೆ ಎತ್ತ ಹೋಗುತ್ತದೋ ಹೋಗಲಿ, ಅದರ ಹಿಂದೆಯೇ ಹೋಗಿ ನೋಡಬಹುದು. ಸಭೆಗೆ ಬೆನ್ನು ಮಾಡಿ, ಬೋರ್ಡಿಗೆ ಚಾಕ್‌ಪೀಸು ತಾಗಿಸಿಕೊಂಡು ನಿಂತಳು.

'ಹೂಂ, ಮುಂದಿನದು ಹೇಳಮ್ಮ.'